ಮೊದಲ ಕಂತಿನ ಕಾರೋ, ಸಾದಾ ಕಾರೋ?

ಹೊಸ ಸ್ಪೋರ್ಟ್ಸ್ ಕಾರು ಬಂದಾಗ ಬಿಡುಗಡೆಯ ಮೊದಲ ಕಂತನ್ನೇ ಕೊಳ್ಳುವುದೋ, ಸಾದಾ ಮಾದರಿ ಸಾಕೋ? ಅಮೆರಿಕದ ಗ್ರಾಹಕರಿಗೆ ಈ ಪ್ರಶ್ನೆ 1950ರ ದಶಕದಲ್ಲೇ ಎದುರಾಗಿತ್ತು.

1953ರ ಜೂನ್ 30ರಂದು ಮಿಚಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಷೆವರ್ಲೆ ಕಂಪನಿಯ ಮೊದಲ ಕಾರ್ವೆಟ್ ಹೊರಬಂತು. ಆ ವರ್ಷ ತಯಾರಾದದ್ದು 300 ಮಾತ್ರ. ಹೊರಗೆ ಬಿಳಿ, ಒಳಗೆ ಕೆಂಪು. ಬೇರೆ ಬಣ್ಣ ಕೇಳುವಂತಿರಲಿಲ್ಲ. ಬೆಲೆ 3,498 ಡಾಲರ್. ಹೀಟರ್, ರೇಡಿಯೊ ಬೇಕಾದವರು ಪ್ರತ್ಯೇಕ ಹಣ ಕೊಡಬೇಕೆಂದು ಬೆಲೆಪಟ್ಟಿ ಹೇಳುತ್ತಿತ್ತು. ಆದರೆ ಅವಿಲ್ಲದ ಕಾರನ್ನು ಕಂಪನಿ ತಯಾರಿಸಲೇ ಇಲ್ಲ! ಸಾದಾ ಮಾದರಿ ಇದ್ದದ್ದು ಕಾಗದದ ಮೇಲಷ್ಟೇ. ಇಷ್ಟು ತೆತ್ತವರಿಗೆ ಸಿಕ್ಕಿದ್ದು ಆರು ಸಿಲಿಂಡರ್‌ಗಳ ಎಂಜಿನ್, ಎರಡೇ ವೇಗದ ಆಟೊಮ್ಯಾಟಿಕ್ ಗೇರು. ಹೆಸರಿಗೆ ತಕ್ಕ ವಿ-8 ಎಂಜಿನ್ ಬಂದದ್ದು 1955ರಲ್ಲಿ. ಆತುರಪಟ್ಟವರು ಮೋಸಹೋದರೆನ್ನಬೇಕೇ?

ನಿಜವಾದ ಸಾದಾ ಕಾರು ಬಂದದ್ದು ಜರ್ಮನಿಯಿಂದ. ನ್ಯೂಯಾರ್ಕಿನ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಒತ್ತಾಯಕ್ಕೆ ಮಣಿದು ಪೋರ್ಷೆ ಕಂಪನಿ 1954ರಲ್ಲಿ 356 ಸ್ಪೀಡ್‌ಸ್ಟರ್ ತಂದಿತು. ಬೆಲೆ 3,000 ಡಾಲರಿನೊಳಗೆ. ತೆಳು ಬಟ್ಟೆಯ ಚಾವಣಿ, ಗಿಡ್ಡನೆಯ ಮುಂಗಾಜು. ಅದನ್ನೂ ಬಿಚ್ಚಿಟ್ಟು ರೇಸಿಗೆ ಇಳಿದವರುಂಟು. ನಟ ಜೇಮ್ಸ್ ಡೀನ್ 1955ರಲ್ಲಿ ಸ್ಪರ್ಧೆಗೆ ಒಯ್ದದ್ದೂ ಸ್ಪೀಡ್‌ಸ್ಟರನ್ನೇ.

ಈಗ ಹರಾಜಿನಲ್ಲಿ ಆ ಮುನ್ನೂರರ ಕಾರ್ವೆಟ್‌ಗೆ ಲಕ್ಷ ಡಾಲರ್ ದಾಟುವ ಬೆಲೆ. ಸ್ಪೀಡ್‌ಸ್ಟರಿಗೂ ಅಷ್ಟೇ, ಹೆಚ್ಚು ಸೌಕರ್ಯವಿದ್ದ ಅದೇ ಕಾಲದ 356 ಕೂಪೆ ಅದಕ್ಕಿಂತ ಅಗ್ಗ.