ಪಂಕ್ತಿಯಲ್ಲಿ ಜಾಗವಿದೆ, ಅಡುಗೆಮನೆಯಲ್ಲಿ ಮಾತಿಲ್ಲ

ಪುಣೆ ಜಿಲ್ಲೆಯ ಬಾರಾಮತಿ ಎಂದರೆ ಹಲವರಿಗೆ ನೆನಪಾಗುವುದು ಕಬ್ಬು ಮತ್ತು ರಾಜಕಾರಣ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಇಟಲಿಯ ಪಿಯಾಜಿಯೊ ಕಂಪನಿಯ ಕಾರ್ಖಾನೆಯೂ ಇದೆ. ನಮ್ಮ ಬೀದಿಗಳಲ್ಲಿ ಓಡುವ ಆಪೆ ಆಟೋಗಳೂ 2012ರಿಂದ ವೆಸ್ಪಾ ಸ್ಕೂಟರುಗಳೂ ತಯಾರಾಗುವುದು ಅಲ್ಲಿಯೇ.

ಆ ಊರಿನ ಎಂಜಿನಿಯರೊಬ್ಬರು ಕಂಪನಿಯ ತವರಾದ ಪೊಂಟೆಡೆರಾಕ್ಕೆ ಹೊರಟರೆನ್ನಿ. ಇಟಲಿ ಕೊಟ್ಟ ಷೆಂಗೆನ್ ವೀಸಾದಲ್ಲೇ ಅವರು ಸ್ವಿಟ್ಜರ್ಲೆಂಡಿಗೂ ನಾರ್ವೆಗೂ ಹೋಗಿಬರಬಹುದು. ಐರ್ಲೆಂಡಿಗೆ ಮಾತ್ರ ಬೇರೆ ವೀಸಾ ಬೇಕು. ಸೋಜಿಗವೆಂದರೆ, ಐರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರ. ಉಳಿದೆರಡು ಅಲ್ಲ.

ಈ ಗೋಜಲಿಗೆ ಒಂದು ಇತಿಹಾಸವಿದೆ. ಆಗಿನ ಐರೋಪ್ಯ ಆರ್ಥಿಕ ಸಮುದಾಯಕ್ಕೆ ಸೇರದ ಏಳು ದೇಶಗಳು 1960ರಲ್ಲಿ ಬ್ರಿಟನ್ನಿನ ಮುಂದಾಳತ್ವದಲ್ಲಿ ಎಫ್ಟಾ ಎಂಬ ಮುಕ್ತ ವ್ಯಾಪಾರ ಕೂಟ ಕಟ್ಟಿಕೊಂಡವು. ಬ್ರಿಟನ್ ಸೇರಿದಂತೆ ಹಲವು ದೇಶಗಳು ಮುಂದೆ ಎದುರು ಪಾಳೆಯಕ್ಕೇ ಹೋದವು. ಈಗ ಎಫ್ಟಾದಲ್ಲಿರುವುದು ನಾಲ್ಕೇ: ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್, ಸ್ವಿಟ್ಜರ್ಲೆಂಡ್.

ನಾರ್ವೆಯ ಜನ 1972ರಲ್ಲೂ 1994ರಲ್ಲೂ ಸದಸ್ಯತ್ವ ಬೇಡವೆಂದು ಮತ ಹಾಕಿದರು. ಆದರೆ 1994ರ ಜನವರಿ 1ರಂದು ಜಾರಿಗೆ ಬಂದ ಐರೋಪ್ಯ ಆರ್ಥಿಕ ಪ್ರದೇಶದ ಒಪ್ಪಂದದ ಮೂಲಕ ಒಕ್ಕೂಟದ ಒಳಮಾರುಕಟ್ಟೆಯಲ್ಲಿ ಆ ದೇಶಕ್ಕೆ ಜಾಗ ಸಿಕ್ಕಿತು. ಪ್ರತಿಯಾಗಿ ಆ ಮಾರುಕಟ್ಟೆಯ ಕಾಯಿದೆಗಳನ್ನು ತನ್ನ ಕಾಯಿದೆಗಳನ್ನಾಗಿ ಮಾಡಿಕೊಳ್ಳಬೇಕು. ಕರಡಿನ ಹಂತದಲ್ಲಿ ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ. ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ, ಏನು ಅಡುಗೆಯೆಂದು ಕೇಳುವುದಿಲ್ಲ. ಬ್ರಸೆಲ್ಸಿನಿಂದ ಬಂದ ಕಾಗದಕ್ಕೆ ತಲೆಯಾಡಿಸುವ ಈ ಪದ್ಧತಿಯನ್ನು ನಾರ್ವೆಯವರೇ ‘ಫ್ಯಾಕ್ಸ್ ಪ್ರಜಾಪ್ರಭುತ್ವ’ ಎಂದು ಗೇಲಿ ಮಾಡಿಕೊಂಡದ್ದುಂಟು.

ಸ್ವಿಸ್ ಮತದಾರರು 1992ರಲ್ಲಿ ಆ ಒಪ್ಪಂದವನ್ನೂ ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದರು. ಸರ್ಕಾರ ಒಂದೊಂದು ವಿಷಯಕ್ಕೆ ಒಂದೊಂದು ಒಪ್ಪಂದದ ದಾರಿ ಹಿಡಿಯಿತು. 1999ರಲ್ಲಿ ಸಹಿಯಾದ ಏಳು ಒಪ್ಪಂದಗಳಿಗೆ ಒಕ್ಕೂಟ ಒಂದೇ ಗಂಟು ಹಾಕಿತು: ಒಂದನ್ನು ಮುರಿದರೆ ಏಳೂ ಬಿದ್ದುಹೋಗುತ್ತವೆ. ಜನರ ಮುಕ್ತ ಸಂಚಾರ ಆ ಏಳರಲ್ಲೊಂದು. ಅದನ್ನು ಕೊನೆಗಾಣಿಸುವ ಪ್ರಸ್ತಾಪ 2020ರಲ್ಲಿ ಮತಕ್ಕೆ ಬಂದಾಗ ಶೇ. 61.7ರಷ್ಟು ಮಂದಿ ಬೇಡವೆಂದರು.

ಷೆಂಗೆನ್ ಇನ್ನೊಂದೇ ಲೆಕ್ಕ. ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್‌ಗಳ ಜೊತೆ ಪಾಸ್‌ಪೋರ್ಟ್ ಇಲ್ಲದೆ ಓಡಾಡುವ ರೂಢಿ ನಾರ್ವೆ, ಐಸ್‌ಲೆಂಡ್‌ಗಳಿಗೆ 1950ರ ದಶಕದಿಂದಲೂ ಇತ್ತು. ಅದನ್ನು ಉಳಿಸಿಕೊಳ್ಳಲು ಎರಡೂ 2001ರಲ್ಲಿ ಷೆಂಗೆನ್ ವ್ಯವಸ್ಥೆಗೆ ಬಂದವು. ಸ್ವಿಟ್ಜರ್ಲೆಂಡ್ 2008ರಲ್ಲಿ, ಲಿಕ್ಟನ್‌ಸ್ಟೈನ್ 2011ರಲ್ಲಿ ಸೇರಿದವು. ಬ್ರಿಟನ್ ಜೊತೆಗಿನ ಹಳೆಯ ಓಡಾಟ ಉಳಿಸಿಕೊಳ್ಳಲು ಐರ್ಲೆಂಡ್ ಹೊರಗುಳಿಯಿತು.

ಟರ್ಕಿಯ ಕಥೆ ಇದಕ್ಕೆ ತಿರುವುಮುರುವು. 1995ರ ಕೊನೆಯಿಂದ ಅದು ಒಕ್ಕೂಟದೊಡನೆ ಸುಂಕದ ಕೂಟದಲ್ಲಿದೆ. ಅದರ ಕಾರ್ಖಾನೆಯ ಸರಕು ಸುಂಕವಿಲ್ಲದೆ ಯೂರೋಪಿಗೆ ಹೋಗುತ್ತದೆ. ಆ ಸರಕು ಮಾಡಿದ ಕಾರ್ಮಿಕ ವೀಸಾಕ್ಕಾಗಿ ಸಾಲಿನಲ್ಲಿ ನಿಲ್ಲಬೇಕು.

ಬಾರಾಮತಿಗೂ ಈ ಗೋಜಲು ದೂರದ್ದಲ್ಲ. ಭಾರತ 2024ರ ಮಾರ್ಚ್ 10ರಂದು ಎಫ್ಟಾದ ನಾಲ್ಕು ದೇಶಗಳೊಡನೆ ಪ್ರತ್ಯೇಕ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. 2025ರ ಅಕ್ಟೋಬರ್ 1ರಂದು ಅದು ಜಾರಿಯಾಯಿತು. ಆ ನಾಲ್ಕೂ ಒಕ್ಕೂಟದ ಸುಂಕದ ಕೂಟದಲ್ಲಿ ಇಲ್ಲದ್ದರಿಂದಲೇ ಅದು ಸಾಧ್ಯವಾಯಿತು. ಹೀಗಾಗಿ ಬಾರಾಮತಿಯಿಂದ ರೋಮಿಗೂ ಓಸ್ಲೋಗೂ ಹೊರಟ ಮನುಷ್ಯನಿಗೆ ಒಂದೇ ವೀಸಾ ಸಾಕು. ಸರಕಿನ ಸುಂಕಕ್ಕೆ ಮಾತ್ರ ಎರಡೂ ಕಡೆ ಬೇರೆ ಬೇರೆ ಲೆಕ್ಕದ ಪುಸ್ತಕ.