ಸ್ಕಂದಗಿರಿ ಅಂತ ಹುಡುಕಿದೆ, ಕಳವಾರ ದುರ್ಗ ಸಿಕ್ತು

1/6
ಮೊದಲ ಫೋಟೋ ಮೋಡದ್ದೇ. ನೀವು ಅದಕ್ಕೇ ನಿಂತಿದ್ದೀರಿ ಅಂತ ಗೊತ್ತು, ನಾನೂ ಅದಕ್ಕೇ ಹೋಗಿದ್ದೆ. ಚಿಕ್ಕಬಳ್ಳಾಪುರಕ್ಕೆ ಇದೇ ಮೊದಲ ಸಲ, ಎರಡು ದಿನದ ಟ್ರಿಪ್. ಬೆಟ್ಟದ ಬುಡದ ಕಳವಾರ ಊರಲ್ಲಿ ಒಬ್ಬ ಅಜ್ಜಿಗೆ “ಸ್ಕಂದಗಿರಿ ಯಾವ ಕಡೆ ಅಜ್ಜೀ?” ಅಂದೆ. “ಕಳವಾರ ಬೆಟ್ಟಾನಾ? ಹಂಗನ್ನಪ್ಪ” ಅಂದ್ರು. ಪಾಪಾಗ್ನಿ ಮಠದ ಕಡೆ ಕೈ ತೋರಿಸಿದ್ರು. ಮ್ಯಾಪಲ್ಲಿ ಒಂದು ಹೆಸರು, ಊರವರ ಬಾಯಲ್ಲಿ ಇನ್ನೊಂದು. ಈ ಸರಣಿ ಆ ಎರಡನೇ ಹೆಸರಿನದ್ದು. ಸ್ವೈಪ್ ಮಾಡ್ತಾ ಬನ್ನಿ.

2/6
ದುರ್ಗ ಅಂದ್ರೆ ಕೋಟೆ. ಹತ್ತುವಾಗ ಉಸಿರು ಬಿಡೋಕೆ ನೀವು ಒರಗಿ ನಿಲ್ಲೋ ಗೋಡೆ ಇದೆಯಲ್ಲ, ಅದೇ. ರೀಲ್‌ಗಳಲ್ಲೆಲ್ಲ “ಟಿಪ್ಪು ಕೋಟೆ” ಅಂತ ಒಂದೇ ಸಾಲು. ಟಿಪ್ಪು ಹುಟ್ಟಿದ್ದು ಇಲ್ಲೇ ಹತ್ತಿರದ ದೇವನಹಳ್ಳಿಯಲ್ಲಿ, 1750ರ ಆಸುಪಾಸು. ಆದರೆ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಈ ಸೀಮೆ ಆವತಿ ನಾಡಪ್ರಭುಗಳದ್ದು. ಕಾಂಚಿ ಕಡೆಯಿಂದ ಬಂದು ಆವತಿಯಲ್ಲಿ ನೆಲೆ ನಿಂತ ಮೊರಸು ಒಕ್ಕಲಿಗರ ಮನೆತನ ಅಂತ ಹೇಳ್ತಾರೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಪಾಳೆಯಗಳು ಆ ಬಳ್ಳಿಯವೇ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮೂಲವನ್ನೂ ಅಲ್ಲಿಗೇ ಒಯ್ಯುತ್ತಾರೆ. ಅಂದ್ರೆ ವೀಕೆಂಡಿಗೆ ಬೆಂಗಳೂರಿಂದ ಇಲ್ಲಿಗೆ ಬರೋದು ಒಂಥರಾ ಹಳೇ ನೆಂಟರ ಮನೆಗೆ ಬಂದ ಹಾಗೆ.

3/6
ಇಷ್ಟು ಕಡಿದಾದ ಬಂಡೆ ಮೇಲೆ ಕೋಟೆ ಯಾಕೆ? ಬಿಕಾಂ ಓದೋ ನನಗೆ ಅರ್ಥ ಆಗಿದ್ದು ಹೀಗೆ: ಊರು ಅಂಗಡಿ, ಬೆಟ್ಟ ತಿಜೋರಿ. ಸಂತೆ, ಬೆಳೆ, ಕಂದಾಯ ಎಲ್ಲ ಕೆಳಗೆ. ಆಪತ್ತು ಬಂದ್ರೆ ಜೀವ ಹಿಡ್ಕೊಂಡು ಮೇಲಕ್ಕೆ. 1762ರಲ್ಲಿ ಆಗಿದ್ದೂ ಅದೇ. ಹೈದರಾಲಿ ಚಿಕ್ಕಬಳ್ಳಾಪುರಕ್ಕೆ ಮುತ್ತಿಗೆ ಹಾಕಿದ. ಪಾಳೇಗಾರ ಚಿಕ್ಕಪ್ಪನಾಯಕರಿಗೆ ಗುತ್ತಿಯ ಮುರಾರಿರಾಯನ ನೆರವು ಬಂತು. ಆದರೂ ಊರು ಉಳಿಯಲಿಲ್ಲ. ನಾಯಕರು ಆಸರೆ ಹುಡುಕಿದ್ದು ನಂದಿ ಬೆಟ್ಟದಲ್ಲಿ.

4/6
ಈ ಫೋಟೋದಲ್ಲಿ ಎದುರಿಗೆ ಕಾಣೋದೇ ಆ ನಂದಿ, 1478 ಮೀಟರ್. ಕೋಟೆ ಆಮೇಲೆ ಹೈದರ್, ಟಿಪ್ಪು ಕೈಯಲ್ಲಿ ಇನ್ನೂ ಗಟ್ಟಿಯಾಯ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿ, ಅಕ್ಟೋಬರ್ 19ರ ಬೆಳದಿಂಗಳಲ್ಲಿ ಒಳನುಗ್ಗಿತು. ಆ ರಾತ್ರಿ ಹತ್ತುತ್ತಿದ್ದವರ ಮೇಲೆ ಮೇಲಿಂದ ಕಲ್ಲುಗಳನ್ನ ಉರುಳಿಸಿಬಿಟ್ಟಿದ್ದರು. ನಾವು ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಹತ್ತುವಾಗ ಮುಂದಿದ್ದವನ ಕಾಲಿಗೆ ಸಿಕ್ಕಿ ಒಂದು ಸಣ್ಣ ಕಲ್ಲು ಜಾರಿತ್ತು, ಅಷ್ಟಕ್ಕೇ ಎಲ್ಲರೂ ಕೂಗಿದ್ವಿ. ಆಮೇಲೆ ಕಾಲ ಹೇಗೆ ತಿರುಗಿತು ನೋಡಿ: ಕೋಟೆ ಗೆದ್ದವರಿಗೆ ನಂದಿ ತಂಪು ಗಾಳಿಯ ಜಾಗ ಆಯ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯೋಕೆ ಅಲ್ಲೇ ಮನೆ ಕಟ್ಟಿಸಿದ. 1915ರಲ್ಲಿ ಬೆಂಗಳೂರಿಂದ ಚಿಕ್ಕಬಳ್ಳಾಪುರಕ್ಕೆ ನ್ಯಾರೋ ಗೇಜ್ ರೈಲೂ ಬಂತು. ವೀಕೆಂಡ್ ಟ್ರಿಪ್ ನಮ್ಮ ಕಾಲದ ಕಂಡುಹಿಡಿತ ಅಂದ್ಕೊಂಡಿದ್ದೆ, ಅಲ್ಲವಂತೆ.

5/6
ಇದು ಹೇಳಲೇಬೇಕು. ಬೆಟ್ಟದ ತುದಿಯ ಗುಡಿ ಹತ್ರ ಕಲ್ಲಿನ ಮೇಲೆ ತುಂಬಾ ಹೆಸರುಗಳು. ಇಂಥವರು ಇಂಥವರನ್ನ ಪ್ರೀತಿಸ್ತಾರೆ, ಇಂಥ ಬ್ಯಾಚ್, ಇಂಥ ಇಸವಿ. ನಾನೂ ಒಂದು ಚೂಪು ಕಲ್ಲು ಎತ್ಕೊಂಡಿದ್ದೆ. ಮೊದಲ ಅಕ್ಷರ ಅರ್ಧ ಗೀಚಿದ್ದೂ ಹೌದು. ಗೆಳೆಯ ಫೋಟೋಗೆ ಕರೆದ ಅಂತ ಬಿಟ್ಟೆ, ಬುದ್ಧಿ ಬಂದು ಬಿಟ್ಟಿದ್ದಲ್ಲ.

6/6
ಮಾರನೇ ದಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋದ್ವಿ. ಇಲ್ಲಿಗೆ ಸಂಬಂಧಿಸಿದ 806ರ ನೊಳಂಬಾಧಿರಾಜನ ಶಾಸನ ಇದೆ. 810ರ ಒಂದು ತಾಮ್ರಶಾಸನವೂ ಇದೆ, ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ್ದು. ಅದರಲ್ಲಿ ಒಂದು ಹೆಣ್ಣಿನ ಹೆಸರು: ರತ್ನಾವಳಿ, ಬಾಣ ಅರಸ ವಿದ್ಯಾಧರನ ರಾಣಿ. ಶಿವಾಲಯ ಕಟ್ಟಿಸಿದ್ದಕ್ಕೆ ಆಕೆಯ ಹೆಸರು ಬರೆದರು. 1200 ವರ್ಷ ಆಯ್ತು, ಇನ್ನೂ ಓದ್ತಿದ್ದೀವಿ. ಶೃಂಗಿತೀರ್ಥದ ಕಲ್ಯಾಣಿ ಮೆಟ್ಟಿಲ ಮೇಲೆ ಕೂತಾಗ ನನ್ನ ಅರ್ಧ ಅಕ್ಷರ ನೆನಪಾಗಿ ನಾಚಿಕೆ ಆಯ್ತು. ಕೊಟ್ಟವಳ ಹೆಸರು ಉಳಿದಿದೆ. ನಾನು ಆ ಬೆಟ್ಟಕ್ಕೆ ಕೊಟ್ಟಿದ್ದು ಒಂದು ಗೀರು.

ನೀವೂ ಹೋಗಿ. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನಲ್ಲೇ ಮೊದಲು ಬುಕ್ ಮಾಡ್ಕೊಳ್ಳಿ. ನೀರಿನ ಬಾಟಲಿ ವಾಪಸ್ ತನ್ನಿ. ಮೋಡದ ಫೋಟೋ ತೆಗೆದಾದ ಮೇಲೆ ಒಂದು ಗಳಿಗೆ ತಿರುಗಿ ಗೋಡೆಯನ್ನೂ ನೋಡಿ. ಅಷ್ಟು ಕಲ್ಲು ಅಷ್ಟೆತ್ತರಕ್ಕೆ ಹೊತ್ತವರ ಹೆಸರು ಅಲ್ಲಿ ಒಂದೂ ಇಲ್ಲ. ಲೊಕೇಶನ್ ಹಾಕುವಾಗ ಸ್ಕಂದಗಿರಿ ಜೊತೆ ಕಳವಾರ ಅಂತಾನೂ ಬರೀರಿ. ಆ ಊರಿನ ಹೆಸರಾದರೂ ಉಳೀಲಿ.

ನಿಮ್ಮೂರಿನ ಬೆಟ್ಟಕ್ಕೂ ಹೀಗೆ ಎರಡು ಹೆಸರಿದ್ರೆ ಕೆಳಗೆ ಹೇಳಿ.

#ಕಳವಾರದುರ್ಗ #ಸ್ಕಂದಗಿರಿ #ಚಿಕ್ಕಬಳ್ಳಾಪುರ #ನಮ್ಮಇತಿಹಾಸ