ಆವರಣದೊಳಗಿನ ಸಂಕಲ್ಪ: ಬೆಳಕನ್ನು ಮೀರುವ ವೇಗದ ಚರ್ಚೆಯಲ್ಲಿ 1907ರ ಒಂದು ವಾಕ್ಯ

ಬೆಳಕನ್ನು ಮೀರುವ ವೇಗ ಸಾಧ್ಯವೇ ಎಂಬ ಚರ್ಚೆಯ ಚರಿತ್ರೆಯನ್ನು ಜನಪ್ರಿಯ ವಿಜ್ಞಾನಗ್ರಂಥಗಳು ಸಾಮಾನ್ಯವಾಗಿ ಎರಡು ಇಸವಿಗಳ ನಡುವೆ ಕಟ್ಟಿಬಿಡುತ್ತವೆ. ವಸ್ತುವನ್ನು ಬೆಳಕಿನ ವೇಗಕ್ಕೆ ಏರಿಸಲು ಅನಂತ ಶಕ್ತಿ ಬೇಕೆಂದು 1905ರಲ್ಲಿ ತೋರಿಸಿ ಐನ್‌ಸ್ಟೈನ್ ಈ ಪ್ರಶ್ನೆಯನ್ನು ಮುಗಿಸಿದರೆಂದೂ, 1967ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಜೆರಾಲ್ಡ್ ಫೈನ್‌ಬರ್ಗ್ ಬೆಳಕಿಗಿಂತ ವೇಗವಾದ ಕಣಕ್ಕೆ ‘ಟ್ಯಾಕಿಯಾನ್’ ಎಂಬ ಹೆಸರನ್ನು ಚಲಾವಣೆಗೆ ತಂದು ಅದನ್ನು ಮತ್ತೆ ತೆರೆದರೆಂದೂ ಅವು ಹೇಳುತ್ತವೆ. ಎರಡು ಹೇಳಿಕೆಗಳೂ ತಿದ್ದುಪಡಿ ಬೇಡುತ್ತವೆ. ಪ್ರಶ್ನೆ ಮತ್ತೆ ತೆರೆದುಕೊಂಡದ್ದು 1967ಕ್ಕಿಂತ ಮೊದಲೇ ಎಂಬುದು ಆದ್ಯತೆಗೆ ಸಂಬಂಧಿಸಿದ ವಿಷಯ. ಅದಕ್ಕಿಂತ ಗಂಭೀರವಾದ ತಪ್ಪು ಮೊದಲ ಹೇಳಿಕೆಯಲ್ಲಿದೆ: ಐನ್‌ಸ್ಟೈನ್ ಮಂಡಿಸಿದ ನಿಜವಾದ ಆಕ್ಷೇಪ ಅನಂತ ಶಕ್ತಿಯದ್ದಲ್ಲ, ಆ ನಿಜವಾದ ಆಕ್ಷೇಪ 1905ರ ಪ್ರಬಂಧದಲ್ಲಿ ಇಲ್ಲವೇ ಇಲ್ಲ.

1905ರ ಪ್ರಬಂಧದ ಕೊನೆಯ ಭಾಗದಲ್ಲಿ ಎಲೆಕ್ಟ್ರಾನಿನ ಚಲನಶಕ್ತಿಯ ಸೂತ್ರ ಬರುತ್ತದೆ. ವೇಗವು ಬೆಳಕಿನ ವೇಗವನ್ನು ಮುಟ್ಟಿದಾಗ ಆ ಶಕ್ತಿ ಅನಂತವಾಗುವುದರಿಂದ ಅದನ್ನು ಮೀರಿದ ವೇಗಗಳಿಗೆ ಅಸ್ತಿತ್ವವಿಲ್ಲವೆಂದು ಅಲ್ಲಿ ಹೇಳಲಾಗಿದೆ. ನಿಧಾನವಾಗಿ ಚಲಿಸುವ ಕಣವೊಂದನ್ನು ತಳ್ಳುತ್ತ ತಳ್ಳುತ್ತ ಬೆಳಕಿನ ವೇಗವನ್ನು ದಾಟಿಸಲಾಗದು ಎಂಬುದಕ್ಕೆ ಈ ವಾದ ಸಾಕು. ಆದರೆ ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ, ಏಕೆಂದರೆ ಅಂಥ ಕಣ ಯಾವ ಗಡಿಯನ್ನೂ ದಾಟಬೇಕಾಗಿಲ್ಲ. ಭೌತವಿಜ್ಞಾನಿ ಇ. ಸಿ. ಜಿ. ಸುದರ್ಶನ್ ಈ ಅಂಶವನ್ನು ವಿವರಿಸಲು ಬಳಸಿದ ಹೋಲಿಕೆ ಪ್ರಸಿದ್ಧವಾಗಿದೆ: ಭಾರತದ ಜನಸಂಖ್ಯೆಯನ್ನು ಅಧ್ಯಯನ ಮಾಡುವವನೊಬ್ಬ ಹಿಮಾಲಯವನ್ನು ಯಾರೂ ಹತ್ತಿ ದಾಟಲಾರರಾದ್ದರಿಂದ ಅದರ ಉತ್ತರಕ್ಕೆ ಜನರೇ ಇಲ್ಲವೆಂದು ತೀರ್ಮಾನಿಸಿದರೆ, ಮಧ್ಯ ಏಷ್ಯಾದವರು ಅಲ್ಲಿಯೇ ಹುಟ್ಟಿದವರೆಂಬುದನ್ನು ಅವನು ಮರೆತಂತೆ.

ಈ ಮಾತಿಗೆ ಗಣಿತದ ರೂಪ ಕೊಟ್ಟದ್ದು ಓ. ಎಂ. ಪಿ. ಬಿಲಾನ್ಯುಕ್, ವಿ. ಕೆ. ದೇಶಪಾಂಡೆ ಮತ್ತು ಸುದರ್ಶನ್ ಸೇರಿ 1962ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಪ್ರಕಟಿಸಿದ ‘ಮೆಟಾ ರಿಲೇಟಿವಿಟಿ’ ಎಂಬ ಪ್ರಬಂಧ. (ಬೆಳಕನ್ನು ಮೀರುವ ದ್ರವ್ಯದ ಬಗ್ಗೆ ಜಪಾನಿನ ತನಾಕಾ 1960ರಲ್ಲಿಯೇ ಬರೆದಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು, ಆದ್ಯತೆಯ ಲೆಕ್ಕ ಹಿಡಿಯುವವರು ಅದನ್ನು ಪೂರ್ತಿಯಾಗಿ ಹಿಡಿಯುವುದು ನ್ಯಾಯ.) ಕಣದ ನಿಶ್ಚಲ ದ್ರವ್ಯರಾಶಿಯನ್ನು, ಅಂದರೆ ನಿಂತಿರುವಾಗ ಅದಕ್ಕಿರಬೇಕಾದ ದ್ರವ್ಯರಾಶಿಯನ್ನು, ವರ್ಗ ಮಾಡಿದಾಗ ಋಣಸಂಖ್ಯೆ ಕೊಡುವ ಕಾಲ್ಪನಿಕ ಸಂಖ್ಯೆಯೆಂದು ಹಿಡಿದರೆ ಅದರ ಶಕ್ತಿಯೂ ಸಂವೇಗವೂ ವಾಸ್ತವ ಸಂಖ್ಯೆಗಳಾಗಿಯೇ ಉಳಿಯುತ್ತವೆ, ಅಂಥ ಕಣ ಎಂದೂ ನಿಲ್ಲುವುದಿಲ್ಲವಾದ್ದರಿಂದ ನಿಶ್ಚಲ ದ್ರವ್ಯರಾಶಿ ಕಾಲ್ಪನಿಕವಾಗಿರುವುದರಿಂದ ಯಾವ ಅಳತೆಗೂ ತೊಂದರೆಯಿಲ್ಲ. ಅದು ಶಕ್ತಿಯನ್ನು ಕಳೆದುಕೊಂಡಷ್ಟೂ ವೇಗವನ್ನು ಪಡೆಯುತ್ತದೆ, ಶಕ್ತಿ ಸೊನ್ನೆಯಾದಾಗ ವೇಗ ಅನಂತವಾಗುತ್ತದೆ. ಮುಖ್ಯವಾಗಿ ಅಧ್ಯಾಪಕರನ್ನು ಉದ್ದೇಶಿಸಿದ ಪತ್ರಿಕೆಯಲ್ಲಿ ಅಚ್ಚಾದ ಕಾರಣಕ್ಕೆ ಈ ಪ್ರಬಂಧವನ್ನು ಫೈನ್‌ಬರ್ಗ್ ಅವರ ಕೃತಿಗೆ ಪೀಠಿಕೆಯಂತೆ ಕಾಣುವುದು ಒಪ್ಪತಕ್ಕದ್ದಲ್ಲ. (ಸುದರ್ಶನ್ ಅವರ ಕೆಲಸವನ್ನು ಇತರರ ಹೆಸರಿನ ನೆರಳಿನಲ್ಲಿ ನೆನೆಯುವ ರೂಢಿ ಇದೊಂದೇ ಕಡೆ ಕಾಣುವುದಿಲ್ಲ. ರಾಬರ್ಟ್ ಮಾರ್ಷಕ್ ಜೊತೆಗೆ ಅವರು 1957ರಲ್ಲಿ ಮಂಡಿಸಿದ ದುರ್ಬಲ ಬಲದ ಸಿದ್ಧಾಂತವನ್ನೂ ಫೈನ್‌ಮನ್ ಮತ್ತು ಗೆಲ್-ಮನ್ ಅವರ 1958ರ ಪ್ರಬಂಧದ ನಂತರ ಹೆಸರಿಸುವವರು ಇಂದಿಗೂ ಇದ್ದಾರೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರಕ್ಕೆ ನೇತೃತ್ವ ಕೊಟ್ಟ ವಿದ್ವಾಂಸರ ವಿಷಯದಲ್ಲಿ ಕನ್ನಡದ ಬರಹಗಳಾದರೂ ಈ ರೂಢಿಯನ್ನು ಬಿಡಬೇಕು.)

ಆದರೆ ಮೂವರು ಲೇಖಕರ ಮೇಲಿನ ಗೌರವ ಅವರು ಎದುರಿಸಬೇಕಾಗಿದ್ದ ಆಕ್ಷೇಪದ ತೂಕವನ್ನು ಕಡಿಮೆ ಮಾಡಬಾರದು. ಆ ಆಕ್ಷೇಪ ಇರುವುದು 1907ರಲ್ಲಿ ‘ಅನಾಲೆನ್ ಡೇರ್ ಫಿಸೀಕ್’ ಪತ್ರಿಕೆಯ 23ನೇ ಸಂಪುಟದಲ್ಲಿ ಶಕ್ತಿಯ ಜಡತ್ವವನ್ನು ಕುರಿತು ಐನ್‌ಸ್ಟೈನ್ ಪ್ರಕಟಿಸಿದ ಪ್ರಬಂಧದಲ್ಲಿ. ಪ್ರಬಂಧದ ಶೀರ್ಷಿಕೆಯಲ್ಲಿ ವೇಗದ ಮಿತಿಯ ಸುಳಿವಿಲ್ಲ. ಬಹುಶಃ ಆ ಕಾರಣದಿಂದಲೇ ಈ ಭಾಗ ಅದಕ್ಕೆ ಸಲ್ಲಬೇಕಾದ ಗಮನವನ್ನು ಪಡೆದಿಲ್ಲ. ಅಲ್ಲಿ ಉದ್ದನೆಯ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳಲಾಗಿದೆ. ಅದರ ಉದ್ದಕ್ಕೂ ಯಾವುದೋ ಪರಿಣಾಮವೊಂದು, ಅಂದರೆ ಸಂಜ್ಞೆಯೊಂದು, ಪಟ್ಟಿಗೆ ಸಾಪೇಕ್ಷವಾಗಿ ನಿರ್ದಿಷ್ಟ ವೇಗದಲ್ಲಿ ಹರಿಯುತ್ತದೆ, ಪಟ್ಟಿಯೇ ವೀಕ್ಷಕನ ಮುಂದೆ ಸಂಜ್ಞೆಯ ದಿಕ್ಕಿಗೆ ವಿರುದ್ಧವಾಗಿ ಚಲಿಸುತ್ತಿರುತ್ತದೆ. ವೀಕ್ಷಕನ ಪಕ್ಕದಲ್ಲಿ ನಿಶ್ಚಲವಾಗಿರುವ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಂಜ್ಞೆ ಹೋಗಲು ಎಷ್ಟು ಕಾಲ ಬೇಕೆಂಬುದನ್ನು ವೇಗಗಳನ್ನು ಕೂಡಿಸುವ ಸಾಪೇಕ್ಷತಾ ನಿಯಮದಿಂದ ಲೆಕ್ಕ ಹಾಕಿದಾಗ, ಸಂಜ್ಞೆಯ ವೇಗ ಮತ್ತು ಪಟ್ಟಿಯ ವೇಗಗಳ ಗುಣಲಬ್ಧವು ಬೆಳಕಿನ ವೇಗದ ವರ್ಗವನ್ನು ಮೀರಿದ ಕೂಡಲೇ ಆ ಕಾಲ ಋಣಾತ್ಮಕವಾಗುತ್ತದೆ. ಸಂಖ್ಯೆಗಳನ್ನಿಟ್ಟು ನೋಡುವುದಾದರೆ, ಸಂಜ್ಞೆಯ ವೇಗ ಬೆಳಕಿನ ಎರಡರಷ್ಟು, ಪಟ್ಟಿಯ ವೇಗ ಬೆಳಕಿನ ಶೇ. 60ರಷ್ಟು, ಬಿಂದುಗಳ ಅಂತರ 3 ಲಕ್ಷ ಕಿಲೋಮೀಟರ್ ಎಂದಿಟ್ಟುಕೊಂಡರೆ, ಸಂಜ್ಞೆಯು ಹೊರಡುವುದಕ್ಕಿಂತ ಸುಮಾರು ಒಂದು ಸೆಕೆಂಡಿನ ಏಳನೇ ಒಂದು ಭಾಗ ಮೊದಲೇ ತಲುಪಿರುತ್ತದೆ. ಪಟ್ಟಿಯ ವೇಗದಲ್ಲಿ ಅಸಾಧ್ಯವಾದದ್ದೇನೂ ಇಲ್ಲವೆಂಬುದನ್ನು ಗಮನಿಸಬೇಕು; ಬೆಳಕನ್ನು ಮೀರಿದ್ದು ಸಂಜ್ಞೆ ಮಾತ್ರ.

ಈ ಫಲಿತಾಂಶದ ನಂತರ ಐನ್‌ಸ್ಟೈನ್ ಬರೆದ ಮಾತಿನಲ್ಲಿ ಮೂರು ಅಂಶಗಳಿವೆ, ಮೂರನ್ನೂ ಬಿಡಿಯಾಗಿ ಪರಿಶೀಲಿಸದೆ ಮುಂದಿನ ಚರ್ಚೆ ಅರ್ಥವಾಗುವುದಿಲ್ಲ. ಕಾರಣಕ್ಕಿಂತ ಮೊದಲು ಕಾರ್ಯ ನಡೆಯುವ ಸಾಧನವೊಂದು ಸಾಧ್ಯವೆಂದು ಒಪ್ಪಬೇಕಾಗುತ್ತದೆ ಎಂಬುದು ಮೊದಲನೆಯದು. ತಮ್ಮ ಅಭಿಪ್ರಾಯದಲ್ಲಿ ಇದರಲ್ಲಿ ಶುದ್ಧ ತರ್ಕದ ದೃಷ್ಟಿಯಿಂದ ವಿರೋಧಾಭಾಸವೇನೂ ಇಲ್ಲವೆಂದೂ, ಆದರೆ ಮನುಷ್ಯನ ಸಮಸ್ತ ಅನುಭವದ ಸ್ವರೂಪಕ್ಕೆ ಇದು ವಿರುದ್ಧವಾದ್ದರಿಂದ ಅಂಥ ವೇಗದ ಅಸಾಧ್ಯತೆ ಸಾಕಷ್ಟು ಸಿದ್ಧವಾದಂತೆ ಕಾಣುತ್ತದೆಂದೂ ಹೇಳುವುದು ಎರಡನೆಯದು. ಮೂರನೆಯದು ಆವರಣದೊಳಗೆ ಅಡಗಿದೆ: ಕಾರಣವೆಂಬುದನ್ನು ಸ್ಪಷ್ಟಪಡಿಸಲು ಅವರು ಅದರ ಜೊತೆಗೆ ಒಂದು ಸಂಕಲ್ಪ, ಅಂದರೆ ಇಚ್ಛೆಯಿಂದ ಮಾಡಿದ ಕ್ರಿಯೆ, ಇರಬಹುದೆಂದು ಸೇರಿಸುತ್ತಾರೆ.

ಎರಡನೆಯ ಅಂಶವನ್ನು ಓದಿದವರು ಕೆಲವರಾದರೂ ಇದ್ದಾರೆ. ಬೆಳಕನ್ನು ಮೀರುವ ವೇಗ ತರ್ಕಕ್ಕೇ ವಿರುದ್ಧವೆಂದು ಐನ್‌ಸ್ಟೈನ್ ಸಾಧಿಸಿದರೆಂಬ ಮಾತು ಇದರಿಂದ ಬಿದ್ದುಹೋಗುತ್ತದೆ. ಅವರು ಆಧರಿಸಿದ್ದು ಅನುಭವವನ್ನು, ಅನುಭವವಾದರೋ ಪ್ರಯೋಗದಿಂದ ತಿದ್ದಿಸಿಕೊಳ್ಳಬಲ್ಲದ್ದು. ಟ್ಯಾಕಿಯಾನ್ ಪಕ್ಷದವರಿಗೆ ಇದು ಅನುಕೂಲವಾದ ಓದು. ಮೂರನೆಯ ಅಂಶವನ್ನು ಅಲಂಕಾರದ ಮಾತೆಂದು ದಾಟಿಹೋಗುವುದು ಮಾತ್ರ ಸರಿಯಲ್ಲ, ಏಕೆಂದರೆ 1962ರ ಪ್ರಬಂಧ ಕೊಟ್ಟ ಉತ್ತರ ಗೆಲ್ಲುವುದೋ ಸೋಲುವುದೋ ಎಂಬುದು ಆ ಆವರಣದೊಳಗಿನ ಮಾತಿನ ಮೇಲೆಯೇ ನಿಂತಿದೆ.

ಆ ಉತ್ತರಕ್ಕೆ ಮರುವ್ಯಾಖ್ಯಾನ ತತ್ತ್ವವೆಂದು ಹೆಸರು. ಬೆಳಕನ್ನು ಮೀರಿದ ಕಣವೊಂದು ಯಾವ ವೀಕ್ಷಕನಿಗೆ ಹಿಂದಿನ ಕಾಲಕ್ಕೆ ಚಲಿಸಿದಂತೆ ಕಾಣುತ್ತದೋ ಅದೇ ವೀಕ್ಷಕನಿಗೆ ಅದರ ಶಕ್ತಿಯೂ ಋಣಾತ್ಮಕವಾಗಿ ಕಾಣುತ್ತದೆ. ಕಾಲದ ಚಿಹ್ನೆ ಬದಲಾಗುವುದಕ್ಕೂ ಶಕ್ತಿಯ ಚಿಹ್ನೆ ಬದಲಾಗುವುದಕ್ಕೂ ಇರುವ ಷರತ್ತು ಒಂದೇ. ಅದು ಐನ್‌ಸ್ಟೈನರ ಪಟ್ಟಿಯಲ್ಲಿ ಕಂಡ ಗುಣಲಬ್ಧದ ಷರತ್ತು. ಋಣಶಕ್ತಿಯ ಕಣವೊಂದು ಹಿಂದಿನ ಕಾಲಕ್ಕೆ ಹೋಗುವುದು ಮತ್ತು ಧನಶಕ್ತಿಯ ಪ್ರತಿಕಣವೊಂದು ಎದುರು ದಿಕ್ಕಿನಿಂದ ಮುಂದಿನ ಕಾಲಕ್ಕೆ ಬರುವುದು ಅಳತೆಯಲ್ಲಿ ಬೇರೆಯಲ್ಲವಾದ್ದರಿಂದ, ಎರಡು ವಿಕಾರಗಳೂ ಪರಸ್ಪರ ರದ್ದಾಗುತ್ತವೆ. ಒಬ್ಬ ವೀಕ್ಷಕ ಮೊದಲ ಬಿಂದುವನ್ನು ಕಣ ಹೊರಸೂಸಿದ ಜಾಗವೆಂದೂ ಎರಡನೆಯದನ್ನು ಹೀರಿದ ಜಾಗವೆಂದೂ ವರ್ಣಿಸಿದರೆ, ಇನ್ನೊಬ್ಬ ವೀಕ್ಷಕ ಅದನ್ನು ತಿರುವಿ ಹೇಳುತ್ತಾನೆ. ಇಬ್ಬರಿಗೂ ಕಾರಣ ಮೊದಲು, ಕಾರ್ಯ ಆಮೇಲೆ. ಪಾಸಿಟ್ರಾನನ್ನು ಕಾಲದಲ್ಲಿ ಹಿಂದಕ್ಕೆ ಹೋಗುವ ಎಲೆಕ್ಟ್ರಾನಿನಂತೆ ಓದಿದ ಶ್ಟ್ಯೂಕೆಲ್‌ಬರ್ಗ್ ಮತ್ತು ಫೈನ್‌ಮನ್ ಅವರ ಪರಂಪರೆಗೆ ಸೇರಿದ ಈ ಯೋಚನೆಯ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಹೆಚ್ಚಿನ ಊಹೆಯೊಂದನ್ನೂ ಬೇಡದೆ, ಸಿದ್ಧಾಂತದೊಳಗಿನ ಎರಡು ಕಷ್ಟಗಳನ್ನು ಒಂದರಿಂದೊಂದು ಪರಿಹರಿಸಿದ ಈ ಹೆಜ್ಜೆಯನ್ನು ‘ಯುಕ್ತಿ’ಯೆಂದು ಕಡೆಗಣಿಸುವ ವಿಮರ್ಶಕರು ಅದರ ಬೀಜಗಣಿತವನ್ನು ಕೈಯಾರೆ ಮಾಡಿ ನೋಡಿದವರಂತೆ ತೋರುವುದಿಲ್ಲ.

ಆದರೂ ಹೊರಸೂಸುವಿಕೆಯನ್ನೂ ಹೀರುವಿಕೆಯನ್ನೂ ಅದಲುಬದಲು ಮಾಡಬಹುದು, ಸಂಕಲ್ಪವನ್ನು ಹಾಗೆ ತಿರುವಲಾಗದು. ಒಂದು ತುದಿಯಲ್ಲಿರುವವನು ಕಣಗಳನ್ನು ಬಿಡುವುದೋ ತಡೆಯುವುದೋ ಎಂದು ತಾನೇ ನಿರ್ಧರಿಸಿ ಅವುಗಳ ಸಾಲಿನಲ್ಲಿ ಒಂದು ಸಂದೇಶವನ್ನು ಹೆಣೆದರೆ, ಯಾವ ವೀಕ್ಷಕನು ಯಾವ ತುದಿಯನ್ನು ಮೂಲವೆಂದು ಕರೆದರೂ ಸಂದೇಶದ ಕರ್ತೃ ಬದಲಾಗುವುದಿಲ್ಲ. 1970ರಲ್ಲಿ ಬೆನ್‌ಫರ್ಡ್, ಬುಕ್ ಮತ್ತು ನ್ಯೂಕೂಂ ‘ಫಿಸಿಕಲ್ ರಿವ್ಯೂ’ದಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ವಾದಿಸಿತು. ಅವರು ಕೊಟ್ಟ ಉದಾಹರಣೆಯಲ್ಲಿ ಶೇಕ್ಸ್‌ಪಿಯರ್ ಟ್ಯಾಕಿಯಾನ್ ಯಂತ್ರದ ಮೂಲಕ ‘ಹ್ಯಾಮ್ಲೆಟ್’ ನಾಟಕವನ್ನು ಬೇಕನ್‌ಗೆ ಕಳುಹಿಸುತ್ತಾನೆ, ಬೇಕನ್‌ಗೆ ಅದು ಮೊದಲೇ ತಲುಪುತ್ತದೆ. ಎಷ್ಟು ಮರುವ್ಯಾಖ್ಯಾನ ಮಾಡಿದರೂ ನಾಟಕ ಬೇಕನ್‌ನದಾಗುವುದಿಲ್ಲ. ಪರಸ್ಪರ ಚಲಿಸುವ ಇಬ್ಬರು ಹೀಗೆ ಸಂದೇಶಗಳನ್ನು ವಿನಿಮಯ ಮಾಡಿಕೊಂಡರೆ ಉತ್ತರವು ಪ್ರಶ್ನೆ ಹೊರಡುವ ಮೊದಲೇ ಪ್ರಶ್ನೆ ಕೇಳಿದವನ ಕೈ ಸೇರುತ್ತದೆ. ಈ ಪ್ರಬಂಧವನ್ನು ಹೊಸ ಆಕ್ಷೇಪವೆಂದು ಓದುವ ರೂಢಿಯಿದೆ. ವಾಸ್ತವವಾಗಿ ಅದು 63 ವರ್ಷಗಳ ಹಿಂದಿನ ಆವರಣವೊಂದನ್ನು ಬಿಡಿಸಿ ಬರೆದ ಭಾಷ್ಯ. ಹಿಂದಿರುಗುವ ಸಂದೇಶದ ಸರಪಳಿಯನ್ನು ಸೇರಿಸಿದ್ದು ಅದರ ಸ್ವಂತ ಕೊಡುಗೆ.

ಆ ಆವರಣ ಆಕಸ್ಮಿಕವಲ್ಲವೆಂಬುದಕ್ಕೆ ಅದೇ ವರ್ಷದ ಇನ್ನೊಂದು ಸಾಕ್ಷ್ಯವಿದೆ. 1907ರ ಬೇಸಗೆಯಲ್ಲಿ ಐನ್‌ಸ್ಟೈನ್ ವಿಲ್ಹೆಲ್ಮ್ ವೀನ್‌ಗೆ ಬರೆದ ಪತ್ರಗಳ ವಿಷಯವೇ ಸಂಜ್ಞೆಯ ವೇಗ. ಕೆಲವು ಮಾಧ್ಯಮಗಳಲ್ಲಿ ಅಲೆಗುಚ್ಛದ ವೇಗ, ಅಂದರೆ ಅಲೆಗಳ ಗುಂಪಿನ ಶಿಖರ ಸರಿಯುವ ವೇಗ, ಬೆಳಕಿನ ವೇಗವನ್ನು ಮೀರುತ್ತದೆಂಬ ತೊಡಕನ್ನು ವೀನ್ ಎತ್ತಿದ್ದರು. ಅರ್ನಾಲ್ಡ್ ಸೊಮರ್‌ಫೆಲ್ಟ್ 1907ರಲ್ಲಿ ಸಂಕ್ಷೇಪವಾಗಿಯೂ 1914ರಲ್ಲಿ ಬ್ರಿಲ್ವೆ ಜೊತೆಗೆ ವಿಸ್ತಾರವಾಗಿಯೂ ತೋರಿಸಿದಂತೆ, ಅಲೆಯ ಮೊಟ್ಟಮೊದಲ ಅಂಚು, ಅಂದರೆ ಕಳುಹಿಸುವವನು ಆರಂಭಿಸಿದ ಕ್ಷಣದ ಗುರುತು, ಎಂದೂ ಬೆಳಕನ್ನು ಮೀರುವುದಿಲ್ಲ. ಸಂಜ್ಞೆಯೆಂದರೆ ಮೊದಲೇ ಊಹಿಸಲಾಗದ ಆರಂಭ. 1990ರ ದಶಕದಲ್ಲಿ ಗುಂಟರ್ ನಿಮ್ಟ್ಸ್ ಮೊಜಾರ್ಟನ 40ನೇ ಸಿಂಫನಿಯನ್ನು ಮೈಕ್ರೋವೇವ್ ತಡೆಯೊಂದರ ಮೂಲಕ ಬೆಳಕಿನ 4.7 ಪಟ್ಟು ವೇಗದಲ್ಲಿ ಕಳುಹಿಸಿದೆನೆಂದಾಗ ಎದ್ದ ಗದ್ದಲವು ಸೊಮರ್‌ಫೆಲ್ಟ್ ಅವರ ಅಂಚಿನ ವಾದವನ್ನು ಓದಿದ್ದವರಿಗೆ ಅನಗತ್ಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಟ್ಯಾಕಿಯಾನ್ ಪಕ್ಷಕ್ಕೆ ಇಲ್ಲಿ ಒಂದು ದಾರಿ ಉಳಿಯುತ್ತದೆ: ಅಂಥ ಕಣಗಳ ಹೊರಸೂಸುವಿಕೆ ಯಾರ ಹತೋಟಿಗೂ ಸಿಗದೆಂದು ಒಪ್ಪಿಬಿಡುವುದು. ಹಾಗೆ ಒಪ್ಪಿದರೆ ಕಣ ಉಳಿಯುತ್ತದೆ, ವಿರೋಧಾಭಾಸ ಹೋಗುತ್ತದೆ, ಆದರೆ ಪ್ರಯಾಣದ ಆಸೆಯೂ ಅದರ ಜೊತೆಗೇ ಹೋಗುತ್ತದೆ; ಏಕೆಂದರೆ ಹೊರಡಬೇಕೆಂದು ನಿರ್ಧರಿಸಿ ಹೊರಟ ಮನುಷ್ಯನೇ, ತನ್ನ ನೆನಪುಗಳೊಡನೆ, ಅತ್ಯಂತ ದೀರ್ಘವಾದ ಸಂದೇಶ. ಬೆಳಕನ್ನು ಮೀರುವ ಕಣಕ್ಕೂ ಬೆಳಕನ್ನು ಮೀರುವ ಪ್ರಯಾಣಕ್ಕೂ ಒಂದೇ ಉತ್ತರ ಹುಡುಕುವ ಬರಹಗಳು ಈ ಭೇದವನ್ನು ಮರೆತಿವೆ. 1994ರಲ್ಲಿ ಮಿಗೆಲ್ ಅಲ್ಕುಬಿಯೆರ್ ಸೂಚಿಸಿದ, ನೌಕೆಯ ಮುಂದಿನ ಅವಕಾಶವನ್ನು ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸುವ ವ್ಯವಸ್ಥೆಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ನೌಕೆ ತನ್ನ ನೆರೆಯ ಬೆಳಕಿನ ಕಿರಣವನ್ನು ಎಂದೂ ಹಿಂದಿಕ್ಕುವುದಿಲ್ಲವಾದ್ದರಿಂದ ಸಾಪೇಕ್ಷತೆಗೆ ಧಕ್ಕೆಯಿಲ್ಲವೆಂಬ ಸಮಾಧಾನ ಪದೇ ಪದೇ ಕೇಳಿಬರುತ್ತದೆ. ಚರ್ಚೆಯೆಲ್ಲ ಅದಕ್ಕೆ ಬೇಕಾದ ಋಣಶಕ್ತಿಯ ಪ್ರಮಾಣದ ಸುತ್ತ ತಿರುಗಿದೆ: ಫೆನಿಂಗ್ ಮತ್ತು ಫೋರ್ಡ್ 1997ರಲ್ಲಿ ಅದು ಗೋಚರ ವಿಶ್ವದ ಒಟ್ಟು ದ್ರವ್ಯರಾಶಿಯನ್ನೂ ಮೀರುತ್ತದೆಂದು ಲೆಕ್ಕ ಹಾಕಿದರು, 1999ರಲ್ಲಿ ವಾನ್ ಡೆನ್ ಬ್ರೂಕ್ ಅದನ್ನು ಕೆಲವು ಸೂರ್ಯರಷ್ಟಕ್ಕೆ ಇಳಿಸಿದರು. ಆ ಪ್ರಮಾಣ ಇನ್ನೆಷ್ಟೇ ಇಳಿದರೂ ಬಗೆಹರಿಯದ ಪ್ರಶ್ನೆಯನ್ನು ಅಲೆನ್ ಎವೆರೆಟ್ 1996ರಲ್ಲಿಯೇ ಎತ್ತಿದ್ದರು. ಪರಸ್ಪರ ಚಲಿಸುವ ಎರಡು ಚೌಕಟ್ಟುಗಳಲ್ಲಿ ಇಂಥ ಎರಡು ಪ್ರಯಾಣಗಳನ್ನು ಜೋಡಿಸಿದರೆ ಪ್ರಯಾಣಿಕ ತಾನು ಹೊರಟ ಕ್ಷಣಕ್ಕಿಂತ ಮೊದಲೇ ಮನೆ ಸೇರಬಲ್ಲನೆಂಬುದು ಅವರ ಫಲಿತಾಂಶ. 1907ರ ಪಟ್ಟಿಯ ಲೆಕ್ಕವೇ ಇಲ್ಲಿ ವಕ್ರ ಅವಕಾಶದಲ್ಲಿ ಮರಳಿ ಬಂದಿದೆ.

ಸಂಕಲ್ಪವೆಂಬುದು ಭೌತಶಾಸ್ತ್ರದ ಪರಿಭಾಷೆಯಲ್ಲ, ಆದ್ದರಿಂದ ಅದನ್ನು ಆಧರಿಸಿದ ವಾದ ಭೌತಶಾಸ್ತ್ರದ್ದಲ್ಲ ಎಂದು ಆಕ್ಷೇಪಿಸಬಹುದು. ಇದಕ್ಕೆ ಉತ್ತರವನ್ನು ಐನ್‌ಸ್ಟೈನರೇ 1949ರಲ್ಲಿ, ಶಿಲ್ಪ್ ಸಂಪಾದಿಸಿದ ಸಂಪುಟದಲ್ಲಿ, ಕಾಲವು ಸುತ್ತಿ ಬಂದು ತನ್ನನ್ನೇ ಸೇರುವ ವಿಶ್ವಗಳ ಬಗ್ಗೆ ಕುರ್ಟ್ ಗೋಡೆಲ್ ಬರೆದ ಲೇಖನಕ್ಕೆ ಪ್ರತಿಕ್ರಿಯಿಸುತ್ತ ಕೊಟ್ಟಿದ್ದಾರೆ. ಅಲ್ಲಿಯೂ ಅವರು ತರ್ಕದ ಹೆಸರಿನಲ್ಲಿ ಅಂಥ ವಿಶ್ವಗಳನ್ನು ನಿಷೇಧಿಸುವುದಿಲ್ಲ, ಭೌತಿಕ ಕಾರಣಗಳಿಂದ ಅವನ್ನು ಬಿಟ್ಟುಬಿಡಬೇಕೇ ಎಂದು ಕೇಳುತ್ತಾರೆ. ಆದರೆ ಆವರಣದೊಳಗೆ ಸಂಕಲ್ಪವಿದ್ದ ಜಾಗದಲ್ಲಿ ಈಗ ಉಷ್ಣಗತಿಶಾಸ್ತ್ರ ಬಂದಿದೆ: ಸಂಜ್ಞೆಯನ್ನು ಕಳುಹಿಸುವುದು ಎಂಟ್ರೊಪಿಯನ್ನು, ಅಂದರೆ ವ್ಯವಸ್ಥೆಯ ಅಸ್ತವ್ಯಸ್ತತೆಯ ಅಳತೆಯನ್ನು, ಹೆಚ್ಚಿಸುವ ಹಿಂತಿರುಗಿಸಲಾಗದ ಕ್ರಿಯೆ, ಮೂಲಕಣಗಳ ಮಟ್ಟದ ಕ್ರಿಯೆಗಳಾದರೋ ಆಗ ತಿಳಿದಿದ್ದ ಮಟ್ಟಿಗೆ ಹಿಂತಿರುಗಿಸಬಹುದಾದವು. ಮರುವ್ಯಾಖ್ಯಾನ ತತ್ತ್ವ ಹೊರಸೂಸುವಿಕೆಯನ್ನೂ ಹೀರುವಿಕೆಯನ್ನೂ ತಿರುವಿ ಓದಬಲ್ಲದ್ದು ಈ ಎರಡನೆಯ ಬಗೆಯ ಕ್ರಿಯೆಗಳಲ್ಲಿ ಮಾತ್ರ. 1969ರಲ್ಲಿ ಅಹರೊನೊವ್, ಕೋಮರ್ ಮತ್ತು ಸಸ್‌ಕಿಂಡ್ ಕಾಲ್ಪನಿಕ ದ್ರವ್ಯರಾಶಿಯ ಕ್ಷೇತ್ರದಲ್ಲಿ ಒಂದೆಡೆ ಎಬ್ಬಿಸಿದ ಕದಲಿಕೆ ಬೆಳಕನ್ನು ಮೀರಿ ಹರಡುವುದೇ ಇಲ್ಲ, ಆ ಕ್ಷೇತ್ರ ಅಸ್ಥಿರವಾಗುತ್ತದೆ ಅಷ್ಟೇ ಎಂದು ತೋರಿಸಿದ್ದು ಈ ವಿಭಜನೆಯನ್ನು ಬೇರೆ ದಾರಿಯಿಂದ ದೃಢಪಡಿಸುತ್ತದೆ: ಸಮೀಕರಣದೊಳಗೆ ಟ್ಯಾಕಿಯಾನ್‌ಗೆ ಜಾಗವಿದೆ, ಇಚ್ಛಿಸಿ ಕಳುಹಿಸಿದ ಕದಲಿಕೆಗೆ ಬೆಳಕಿಗಿಂತ ವೇಗವಾದ ಹಾದಿಯಿಲ್ಲ.